ಕಿನ್ನರಕಥೆಯ ಉಡುಪಿನಲ್ಲಿ ಮದುಮಗಳು

ತಪಸ್ಸುಕಾಲ ಕಳೆದು ಪಾಸ್ಖ ಹಬ್ಬದ ಘಂಟೆಗಳು ಮೊಳಗಿದವೆಂದರೆ ನಮ್ಮ ದೇವಾಲಯಗಳಲ್ಲಿ ಮದುವೆಗಳ ಸಾಲು ಆರಂಭವಾಗುತ್ತದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಕಥೋಲಿಕ ಮನೆಗಳಲ್ಲಿ ಆ ದಿನಗಳಲ್ಲಿ ಛತ್ರದ ಮುಂಗಡ, ಊಟದ ಲೆಕ್ಕ, ಆಮಂತ್ರಣ ಪತ್ರಿಕೆಯ ಒಕ್ಕಣೆ ಎಂದು ನೂರೆಂಟು ಮಾತು ನಡೆಯುತ್ತವೆ. ಆದರೆ ಮನೆಮಂದಿಯನ್ನು ಎರಡು ಪಕ್ಷವಾಗಿ ಒಡೆಯುವ ಶಕ್ತಿ ಇರುವುದು ಒಂದೇ ವಿಷಯಕ್ಕೆ. ಅದು ಮದುಮಗಳ ಉಡುಪು.

ಹಿಂದೆ ಈ ಚರ್ಚೆ ಸೀರೆಯೋ ಗೌನೋ ಎಂಬಲ್ಲಿಗೆ ಮುಗಿಯುತ್ತಿತ್ತು. ಸೀರೆಯಾದರೆ ಚಿಕ್ಕಪೇಟೆ ಇಲ್ಲವೇ ಜಯನಗರದ ನಾಲ್ಕನೆಯ ಬ್ಲಾಕು. ಗೌನಾದರೆ ಕಮರ್ಷಿಯಲ್ ಸ್ಟ್ರೀಟು. ಈಗ ಪ್ರಶ್ನೆ ಒಂದು ಹೆಜ್ಜೆ ಮುಂದೆ ಹೋಗಿದೆ. ಯಾವ ಕಥೆಯ ಗೌನು ಎಂಬುದು ಇಂದಿನ ಪ್ರಶ್ನೆ. ಸಿಂಡರೆಲಾಳ ಘೇರುದಾರ ಗೌನೇ, 2013ರಲ್ಲಿ ಬಂದ ‘ಫ್ರೋಜನ್’ ಚಿತ್ರದ ಹಿಮರಾಣಿಯ ಮಿನುಗುವ ಮೇಲಂಗಿಯೇ, ಕಾಡಿನ ಕಿನ್ನರಿಯರ ನೀಳ ತೋಳಿನ ನಿಲುವಂಗಿಯೇ? ವಿವಾಹಪೂರ್ವ ಮಾತುಕತೆಗೆಂದು ನಮ್ಮ ಬಳಿ ಬರುವ ಯುವತಿಯರು ಮೊಬೈಲ್ ಫೋನಿನಲ್ಲಿ ಇಂತಹ ಚಿತ್ರಗಳನ್ನು ತೋರಿಸುವುದುಂಟು. ಇದು ನಮ್ಮ ಸಮುದಾಯವೊಂದರ ಗೀಳೆಂದು ಭಾವಿಸಬೇಕಾಗಿಲ್ಲ. ನೆರೆಮನೆಯ ಹಿಂದೂ ಸೋದರಿಯರೂ ಆರತಕ್ಷತೆಗೆ, ಮದುವೆಗೆ ಮುಂಚಿನ ಛಾಯಾಚಿತ್ರಗಳಿಗೆ ನೆಲದ ಮೇಲೆ ಮಾರುದ್ದ ಹರಡುವ ಗೌನುಗಳನ್ನು ಬಾಡಿಗೆಗೆ ತರುತ್ತಿದ್ದಾರೆ. 2017ರಲ್ಲಿ ‘ಬಾಹುಬಲಿ’ಯ ಎರಡನೆಯ ಭಾಗ ತೆರೆಕಂಡ ಮೇಲೆ ದೇವಸೇನೆಯ ಒಡವೆಗಳ ಮಾದರಿಯನ್ನು ಕೇಳದ ಅಕ್ಕಸಾಲಿಗನಿರಲಿಲ್ಲ. ಕಥೆಯಲ್ಲಿ ಕಂಡ ಹೆಣ್ಣಿನಂತೆ ಒಂದು ದಿನವಾದರೂ ಉಡಬೇಕೆಂಬ ಆಸೆಗೆ ಜಾತಿಮತಗಳಿಲ್ಲ.

ಹಿರಿಯರಲ್ಲಿ ಕೆಲವರಿಗೆ ಇದು ಸಹಿಸುವುದಿಲ್ಲ. ದೇವಾಲಯವೇನು ನಾಟಕಶಾಲೆಯೇ, ಬಲಿಪೀಠದ ಮುಂದೆ ವೇಷ ಕಟ್ಟಿಕೊಂಡು ಬರಬಹುದೇ, ವಿಚಾರಣಾ ಗುರುಗಳು ಒಂದು ಕಟ್ಟಳೆ ಹಾಕಬಾರದೇ ಎಂಬುದು ಅವರ ಅಹವಾಲು. ಮದುವೆಯ ಉಡುಪಿಲ್ಲದೆ ಬಂದವನನ್ನು ಅರಸನು ಹೊರಗೆ ಹಾಕಿಸಿದ ಸಾಮತಿಯನ್ನೂ ಕೆಲವರು ನಮಗೆ ನೆನಪಿಸುತ್ತಾರೆ. ಆ ಸಾಮತಿಯಲ್ಲಿ ಹೊರಗೆ ಹಾಕಿಸಿಕೊಂಡವನು ಅತಿಥಿಯೇ ಹೊರತು ಮದುಮಗಳಲ್ಲವೆಂಬುದನ್ನು ನಾವು ವಿನಯಪೂರ್ವಕವಾಗಿ ನೆನಪಿಸಬೇಕಾಗುತ್ತದೆ. ಅಲ್ಲಿನ ಉಡುಪು ನೂಲಿನದಲ್ಲವೆಂಬುದು ಬೇರೆ ಮಾತು.

ಕಟ್ಟಳೆ ಹಾಕಲು ನಾವು ಸಿದ್ಧರಿಲ್ಲ. ಏಕೆಂದರೆ ಅಂತಹ ಕಟ್ಟಳೆಗೆ ಆಧಾರವಿಲ್ಲ. ಧರ್ಮಸಭೆಯ ಕಾನೂನು ವಧೂವರರ ಮುಕ್ತ ಸಮ್ಮತಿಯನ್ನು ಕೇಳುತ್ತದೆ, ಅಧಿಕಾರವುಳ್ಳ ಗುರುವನ್ನು ಕೇಳುತ್ತದೆ, ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ. ವಧುವು ಬಿಳಿಯನ್ನೇ ಉಡಬೇಕೆಂದಾಗಲೀ ಗೌನನ್ನೇ ತೊಡಬೇಕೆಂದಾಗಲೀ ಅದು ಎಲ್ಲಿಯೂ ಹೇಳಿಲ್ಲ. ಹಿರಿಯರು ಸಂಪ್ರದಾಯವೆಂದು ಯಾವುದನ್ನು ಕೈಮುಗಿದು ಕಾಪಾಡುತ್ತಿದ್ದಾರೋ ಆ ಬಿಳಿಯ ಗೌನಿನ ವಯಸ್ಸಾದರೂ ಎಷ್ಟು? ಅದರ ವಂಶಾವಳಿಯನ್ನು ಸ್ವಲ್ಪ ಬಿಡಿಸಿ ನೋಡುವುದು ಈ ಜಗಳದಲ್ಲಿ ಉಪಯುಕ್ತ.

ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯು 1840ರ ಫೆಬ್ರವರಿ 10ರಂದು ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯ ಪ್ರಾರ್ಥನಾಲಯದಲ್ಲಿ ಆಲ್ಬರ್ಟ್ ರಾಜಕುಮಾರನನ್ನು ವರಿಸಿದಳು. ಅಂದು ಅವಳು ತೊಟ್ಟದ್ದು ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನೇಯ್ದ ಬಿಳಿಯ ರೇಷ್ಮೆಯ ಗೌನು. ಅದರ ಮೇಲೆ ಹೊನಿಟನ್ ಕಸೂತಿಯ ಲೇಸು. ತಲೆಯ ಮೇಲೆ ಕಿರೀಟದ ಬದಲು ಕಿತ್ತಳೆ ಹೂವಿನ ದಂಡೆ. ಯಂತ್ರದ ಲೇಸು ಬಂದು ಕೈಕೆಲಸದವರ ಹೊಟ್ಟೆಗೆ ಕಲ್ಲು ಬಿದ್ದಿದ್ದ ಆ ಕಾಲದಲ್ಲಿ ಡೆವನ್ ಪ್ರಾಂತದ ಇನ್ನೂರಕ್ಕೂ ಹೆಚ್ಚು ಹೆಂಗಸರಿಗೆ ಅದರಿಂದ ತಿಂಗಳುಗಟ್ಟಲೆ ಕೆಲಸ ದೊರೆಯಿತು. ಬಿಳಿಯನ್ನು ತೊಟ್ಟ ಅರಸುಮಗಳು ಅವಳೇ ಮೊದಲಿಗಳೇನಲ್ಲ. 1558ರಲ್ಲಿ ಪ್ಯಾರಿಸ್ಸಿನ ನೋತ್ರ್‌ದಾಮ್‌ನಲ್ಲಿ ಸ್ಕಾಟ್ಲೆಂಡಿನ ಮೇರಿ ರಾಣಿಯೂ ಬಿಳಿಯುಟ್ಟು ಮದುವೆಯಾಗಿದ್ದಳು. ಆದರೆ ಸಾಮಾನ್ಯರ ಮನೆಯ ಹೆಣ್ಣುಮಕ್ಕಳು ತಮ್ಮಲ್ಲಿದ್ದ ಒಳ್ಳೆಯ ಉಡುಪನ್ನು, ಅದು ಯಾವ ಬಣ್ಣದ್ದೇ ಆಗಿರಲಿ, ತೊಟ್ಟು ಬರುತ್ತಿದ್ದರು. ವಿಕ್ಟೋರಿಯಾಳ ಮದುವೆಯ ಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾಗಿ ಹರಡಿದ ಮೇಲೆ ಬಿಳಿಯ ಗೌನು ಮೊದಲು ಸಿರಿವಂತರ ಆಸೆಯಾಯಿತು, ಅನಂತರ ಎಲ್ಲರ ಆಸೆಯಾಯಿತು, ಕೊನೆಗೆ ಸಂಪ್ರದಾಯವಾಯಿತು. ಹಡಗು ಹತ್ತಿ ನಮ್ಮ ದಂಡುಪ್ರದೇಶಕ್ಕೆ ಬಂದು ಇಳಿದದ್ದೂ ಹಾಗೆಯೇ. ರಾಣಿಯಂತೆ ಕಾಣಬೇಕೆಂಬ ಕನಸೇ ಅದರ ಬೇರು. ಅಜ್ಜಿಯ ಬಿಳಿ ಗೌನಿನಲ್ಲಿದ್ದದ್ದೂ ಒಂದು ಕಥೆಯೇ. ಹಳೆಯದಾದ ಕಾರಣ ಅದು ಕಥೆಯೆಂದು ನಮಗೆ ತೋರುವುದಿಲ್ಲ, ಅಷ್ಟೇ.

ಕಥೆ ಮತ್ತು ಉಡುಪಿನ ಈ ನಂಟು ಕಳೆದ ಶತಮಾನದಲ್ಲಿ ಮತ್ತಷ್ಟು ಗಟ್ಟಿಯಾಯಿತು. ಹಾಲಿವುಡ್ ನಟಿ ಗ್ರೇಸ್ ಕೆಲ್ಲಿ 1956ರ ಏಪ್ರಿಲ್ 19ರಂದು ಮೊನಾಕೋದ ಕಥೋಲಿಕ ಪ್ರಧಾನಾಲಯದಲ್ಲಿ ಅಲ್ಲಿನ ರಾಜನನ್ನು ವಿವಾಹವಾದಾಗ ಆಕೆಯ ಗೌನನ್ನು ರೂಪಿಸಿದವರು ಎಂ.ಜಿ.ಎಂ. ಚಿತ್ರಸಂಸ್ಥೆಯ ವಸ್ತ್ರವಿನ್ಯಾಸಕಿ ಹೆಲೆನ್ ರೋಸ್. ಗೌನು ಸಂಸ್ಥೆಯ ಉಡುಗೊರೆ. ಚಲನಚಿತ್ರದ ಹೊಲಿಗೆಕೋಣೆಯಿಂದ ನೇರವಾಗಿ ಬಲಿಪೀಠಕ್ಕೆ ಬಂದ ಆ ಉಡುಪನ್ನು ಯಾರೂ ವೇಷವೆಂದು ಜರೆಯಲಿಲ್ಲ. 1981ರ ಜುಲೈ 29ರಂದು ಡಯಾನಾ ತೊಟ್ಟ ಗೌನಿನ ಹಿಂಬದಿಯ ಸೆರಗು ಇಪ್ಪತ್ತೈದು ಅಡಿ. ಟಫೇಟಾ ರೇಷ್ಮೆ ಮಡಿಕೆಗೆ ಬಹು ಬೇಗ ಸುಕ್ಕಾಗುವ ಬಟ್ಟೆ. ಸಾರೋಟಿನಿಂದ ಇಳಿಯುವಾಗ ಅದು ಮುದುಡಿದ್ದನ್ನು ಇಡೀ ಜಗತ್ತೇ ದೂರದರ್ಶನದಲ್ಲಿ ನೋಡಿತು. ಆ ದಾಂಪತ್ಯದ ಮುಂದಿನ ಕಥೆಯೂ ಜಗತ್ತಿಗೆ ತಿಳಿದದ್ದೇ. 2007ರಲ್ಲಿ ಡಿಸ್ನಿ ಸಂಸ್ಥೆಯು ತನ್ನ ಚಿತ್ರಗಳ ರಾಜಕುಮಾರಿಯರ ಹೆಸರಿನಲ್ಲೇ ಮದುವೆಯ ಗೌನುಗಳನ್ನು ಮಾರಾಟಕ್ಕೆ ತಂದಿತು. ಇಷ್ಟು ಕಾಲ ಮುಸುಕಿನಲ್ಲಿದ್ದ ಮಾತನ್ನು ವ್ಯಾಪಾರಿಗಳು ಬಾಯಿಬಿಟ್ಟು ಹೇಳಿದರು.

ಧರ್ಮಸಭೆಯ ಹಳೆಯ ಪದ್ಧತಿಯಲ್ಲಿ ಉಡುಪಿನ ಬಣ್ಣಕ್ಕಿಂತ ಮುಸುಕಿಗೆ ಹೆಚ್ಚಿನ ಬೆಲೆಯಿತ್ತು. ರೋಮನ್ ವಧುವಿನ ಮುಸುಕು ಬಿಳಿಯದಲ್ಲ. ಬೆಂಕಿಯ ಜ್ವಾಲೆಯ ಬಣ್ಣದ್ದು. ಕ್ರೈಸ್ತರು ಅದನ್ನು ಬಿಸಾಡದೆ ಆಶೀರ್ವಾದದ ಅಂಗವಾಗಿ ಉಳಿಸಿಕೊಂಡರು. ನಾಲ್ಕನೆಯ ಶತಮಾನದ ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರು ಗುರುವು ಹೊದಿಸುವ ಮುಸುಕನ್ನೂ ಆಶೀರ್ವಾದವನ್ನೂ ಜೊತೆಜೊತೆಯಾಗಿ ಪ್ರಸ್ತಾಪಿಸುತ್ತಾರೆ. ಅನ್ಯಮತೀಯ ರೋಮಿನ ಕೆಂಪು ಮುಸುಕು ದೇವಾಲಯದೊಳಕ್ಕೆ ಬರಬಹುದಾಗಿದ್ದರೆ, ಕಿನ್ನರಿಯ ನಿಲುವಂಗಿ ಹೊಸ್ತಿಲಲ್ಲೇ ಏಕೆ ನಿಲ್ಲಬೇಕು?

ನಮ್ಮ ನಾಡಿನ ಕಥೋಲಿಕರ ಮದುವೆಯುಡುಪು ಒಂದೇ ಬಗೆಯದೆಂದು ತಿಳಿಯುವುದೂ ಸರಿಯಲ್ಲ. ಕನಕಪುರ ರಸ್ತೆಯ ಮರಿಯಾಪುರ, ಹಾರೋಬೆಲೆಗಳಂತಹ ಹಳೆಯ ಕ್ರೈಸ್ತ ಊರುಗಳಿಂದ ಬಂದು ದಕ್ಷಿಣ ಬೆಂಗಳೂರಿನಲ್ಲಿ ನೆಲೆಸಿದವರಿಗೆ ರೇಷ್ಮೆ ಸೀರೆ, ಹೂವಿನ ದಂಡೆ, ಶಿಲುಬೆಯ ಗುರುತಿನ ತಾಳಿ. ಬಿಳಿ ಬೇಕು, ಆದರೆ ಪೂರ್ತಿ ಬಿಳಿ ಬೇಡವೆಂದು ಜರಿಯಂಚಿನ ‘ಹಾಫ್ ವೈಟ್’ ಸೀರೆಯನ್ನು ಕಂಡುಹಿಡಿದ ಜಾಣರೂ ನಮ್ಮವರೇ. ಮಂಗಳೂರಿನ ಕಡೆಯ ಕೊಂಕಣಿ ಕಥೋಲಿಕರಲ್ಲಿ ಕೆಂಪು ಬಣ್ಣದ ‘ಸಾಡೊ’ ಸೀರೆಯ ಗೌರವವೇ ಬೇರೆ. ಕೇರಳದಿಂದ ಬಂದ ಸಿರೋ-ಮಲಬಾರ್ ಸಹೋದರರಲ್ಲಿ ವರನು ತರುವ ‘ಮಂತ್ರಕೋಡಿ’ಯನ್ನು ಆಶೀರ್ವದಿಸಿ ವಧುವಿನ ತಲೆಯ ಮೇಲೆ ಹೊದಿಸುತ್ತಾರೆ; ಆ ಸೀರೆಯಿಂದಲೇ ಎಳೆದ ನೂಲಿನಲ್ಲಿ ತಾಳಿಯನ್ನು ಪೋಣಿಸುವ ಪದ್ಧತಿ ಎಷ್ಟು ಅರ್ಥವತ್ತಾದುದು! 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ಆರಾಧನಾವಿಧಿಯ ಸಂವಿಧಾನವು ಆಯಾ ನಾಡಿನ ಮೆಚ್ಚತಕ್ಕ ವಿವಾಹಪದ್ಧತಿಗಳನ್ನು ಉಳಿಸಿಕೊಳ್ಳಬೇಕೆಂದೇ ಹೇಳಿತು. ಹೀಗಿರುವಾಗ ವೈವಿಧ್ಯವು ನಮಗೆ ಹೊಸದಲ್ಲ. ಕಥೆಯಿಂದ ಬಂದ ಉಡುಪು ಮಾತ್ರ ಹೊಸದು. ಅದನ್ನು ಹೇಗೆ ತೂಗುವುದು?

ಇಲ್ಲಿ ಸ್ವಲ್ಪ ತತ್ತ್ವಶಾಸ್ತ್ರದ ಕಡೆಗೆ ಹೊರಳಲು ವಾಚಕರು ಅನುಮತಿ ಕೊಡಬೇಕು. ‘ಫ್ಯಾಂಟಸಿ’ ಎಂದು ನಾವು ಹಗುರವಾಗಿ ಆಡುವ ಮಾತಿನ ಮೂಲ ಗ್ರೀಕರ ‘ಫಂತಾಸಿಯಾ’. ಅರಿಸ್ಟಾಟಲನಿಗೆ ಅದು ಹುಚ್ಚುಕಲ್ಪನೆಯಲ್ಲ; ಇಂದ್ರಿಯಗಳು ಗ್ರಹಿಸಿದ್ದನ್ನು ಮನಸ್ಸಿನಲ್ಲಿ ಚಿತ್ರವಾಗಿ ನಿಲ್ಲಿಸುವ ಶಕ್ತಿ. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದನ್ನೇ ಮುಂದುವರಿಸಿ, ದೇಹಧಾರಿಯಾದ ಮಾನವನ ಬುದ್ಧಿಯು ಇಂತಹ ಚಿತ್ರಗಳ ಕಡೆಗೆ ತಿರುಗದೆ ಏನನ್ನೂ ಅರಿಯಲಾರದೆಂದು ವಾದಿಸಿದರು. ಪ್ರೀತಿ, ನಿಷ್ಠೆ, ಮರಣದವರೆಗಿನ ಒಡನಾಟ ಇವೆಲ್ಲ ಕಣ್ಣಿಗೆ ಕಾಣುವ ವಸ್ತುಗಳಲ್ಲ. ಇಪ್ಪತ್ತೈದರ ಹರೆಯದ ಹುಡುಗಿಯೊಬ್ಬಳು ಅವನ್ನು ಮನಸ್ಸಿಗೆ ತಂದುಕೊಳ್ಳುವುದು ತಾನು ಕೇಳಿದ, ಓದಿದ, ನೋಡಿದ ಕಥೆಗಳ ಚಿತ್ರದ ಮೂಲಕವೇ. ಅಂದಮೇಲೆ ಕಲ್ಪನೆಯನ್ನು ಹೊರಗಟ್ಟಿದರೆ ಪ್ರತಿಜ್ಞೆಯ ಅರ್ಥವನ್ನೂ ಅರ್ಧ ಹೊರಗಟ್ಟಿದಂತೆ.

ಈ ಮಾತಿಗೆ ಕಳೆದ ಶತಮಾನದ ಒಬ್ಬ ಗೃಹಸ್ಥನ ಸಾಕ್ಷಿಯಿದೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಬೃಹತ್ ಕಿನ್ನರಕಥೆಯನ್ನು ಬರೆದ ಜೆ.ಆರ್.ಆರ್. ಟೋಲ್ಕಿನ್ ಶ್ರದ್ಧಾವಂತ ಕಥೋಲಿಕರಾಗಿದ್ದರೆಂಬುದು ಅವರ ಅನೇಕ ಅಭಿಮಾನಿಗಳಿಗೆ ತಿಳಿಯದು. 1939ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಿನ್ನರಕಥೆಗಳನ್ನು ಕುರಿತು ಮಾಡಿದ ಉಪನ್ಯಾಸದಲ್ಲಿ, ಮುಂದೆ ಅದನ್ನು ವಿಸ್ತರಿಸಿದ ಪ್ರಬಂಧದಲ್ಲಿ, ಅವರು ಕಲ್ಪನೆಯನ್ನು ಮಾನವಸಹಜವಾದ ಚಟುವಟಿಕೆಯೆಂದು ಎತ್ತಿಹಿಡಿದರು. ಸೃಷ್ಟಿಕರ್ತನ ಸ್ವರೂಪದಲ್ಲಿ ರೂಪುಗೊಂಡ ಮನುಷ್ಯನು ತಾನೂ ಒಂದು ಕಿರುಸೃಷ್ಟಿಕರ್ತನೆಂಬುದು ಅವರ ನಿಲುವು. ಅವರು 1916ರ ಮಾರ್ಚ್ 22ರಂದು ವಾರ್ವಿಕ್ ಪಟ್ಟಣದ ಕಥೋಲಿಕ ದೇವಾಲಯದಲ್ಲಿ ಈಡಿತ್ ಬ್ರ್ಯಾಟ್‌ಳನ್ನು ವಿವಾಹವಾದರು. ಮಹಾಯುದ್ಧದ ಕಾಲ, ಕೆಲವೇ ವಾರಗಳಲ್ಲಿ ಅವರು ಫ್ರಾನ್ಸಿನ ರಣರಂಗಕ್ಕೆ ಹೊರಡಬೇಕಾಯಿತು. ಆ ದಾಂಪತ್ಯ ಐವತ್ತೈದು ವರ್ಷ ಬಾಳಿತು. 1971ರಲ್ಲಿ ಪತ್ನಿ ತೀರಿಕೊಂಡಾಗ ಆಕ್ಸ್‌ಫರ್ಡಿನ ಸಮಾಧಿಯ ಕಲ್ಲಿನ ಮೇಲೆ ಆಕೆಯ ಹೆಸರಿನ ಕೆಳಗೆ ‘ಲೂಥಿಯನ್’ ಎಂದು ಕೆತ್ತಿಸಿದರು. ಅದು ಅವರದೇ ಕಥೆಯ ಕಿನ್ನರಿಯ ಹೆಸರು. ಎರಡು ವರ್ಷದ ಬಳಿಕ ಅವರೂ ಅಲ್ಲಿಯೇ ಮಲಗಿದಾಗ ಅವರ ಹೆಸರಿನ ಕೆಳಗೆ ಆ ಕಿನ್ನರಿ ವರಿಸಿದ ಮಾನವನ ಹೆಸರು ‘ಬೆರೆನ್’ ಸೇರಿತು. ಕಲ್ಪನೆಯು ಬದುಕಿನಿಂದ ಓಡಿಹೋಗುವ ಹಾದಿಯೆನ್ನುವವರು ಆ ಕಲ್ಲನ್ನು ನೆನೆಯಬೇಕು.

ನಾವು ಇದನ್ನೆಲ್ಲ ಬರೆಯಲು ಕಾರಣವಾದದ್ದು ಹಿಂದಿನ ವರ್ಷ ನಮ್ಮಲ್ಲಿಗೆ ಬಂದ ಒಂದು ಕುಟುಂಬ. ಮನೆ ಜೆ.ಪಿ. ನಗರದಲ್ಲಿ, ಮಗಳ ಕಚೇರಿ ಬಿ.ಟಿ.ಎಂ. ಬಡಾವಣೆಯಲ್ಲಿ, ಬೇರು ಕನಕಪುರ ರಸ್ತೆಯ ಹಳ್ಳಿಯೊಂದರಲ್ಲಿ. ವರನು ಮಂಗಳೂರಿನ ಕಡೆಯವನು. ತಂದೆ, ತಾಯಿ, ಅಜ್ಜಿ, ಮಗಳು ನಾಲ್ವರೂ ಬಂದು ಕುಳಿತಾಗಲೇ ಮನೆಯಲ್ಲಿ ಮಾತು ಬಿರುಸಾಗಿ ನಡೆದಿದೆಯೆಂದು ತಿಳಿಯಿತು.

“ಸ್ವಾಮಿ, ಇವಳಿಗೆ ನೀವಾದರೂ ಬುದ್ಧಿ ಹೇಳಿ. ಸಿನಿಮಾದಲ್ಲಿ ಯಾವಳೋ ತೊಟ್ಟಿದ್ದಳಂತೆ, ಅದೇ ಬೇಕಂತೆ. ಜನ ನೋಡಿ ನಗ್ತಾರೆ” ಎಂದರು ತಂದೆ.

“ಬಿಳಿ ಗೌನು ಹಾಕಿದ್ರೆ ಯಾರೂ ನಗಲ್ಲ ಫಾದರ್, ಯಾಕಂದ್ರೆ ಎಲ್ರೂ ಅದನ್ನೇ ಹಾಕ್ತಾರೆ” ಎಂದಳು ಮಗಳು.

ಫೋನಿನಲ್ಲಿದ್ದದ್ದು ಟೋಲ್ಕಿನ್ನರ ಕಥೆಯ ಮೇಲೆ ತಯಾರಾಗಿ 2003ರಲ್ಲಿ ಬಂದ ಚಿತ್ರದ ಕೊನೆಯ ಭಾಗದ ಒಂದು ದೃಶ್ಯ. ಆರ್ವೆನ್ ಎಂಬ ಕಿನ್ನರಿಯು ಪಟ್ಟಾಭಿಷಿಕ್ತನಾದ ಅರಸನ ಬಳಿಗೆ ತಿಳಿಹಸಿರು ನಿಲುವಂಗಿಯಲ್ಲಿ ಬರುತ್ತಾಳೆ. ಅಜ್ಜಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಅನಂತರ ಅವರು ಆಡಿದ ಮಾತು ಆ ಕೋಣೆಯ ಗಾಳಿಯನ್ನೇ ಬದಲಿಸಿತು.

“ಹಸಿರು ತಾನೇ? ಮುತ್ತೈದೆ ಬಣ್ಣ. ನಾನು ಮದುವೇಲಿ ಹಸಿರು ಸೀರೇನೇ ಉಟ್ಟಿದ್ದು ಸ್ವಾಮಿ. ಬಿಳಿ ಉಡ್ತೀನಿ ಅಂದಿದ್ರೆ ನಮ್ಮವ್ವ ಹೊಸ್ಲು ದಾಟೋಕೆ ಬಿಡ್ತಿರ್ಲಿಲ್ಲ.”

ನಾವು ಹುಡುಗಿಯನ್ನು ಒಂದೇ ಪ್ರಶ್ನೆ ಕೇಳಿದೆವು. ಆ ಉಡುಪು ತೊಟ್ಟವಳು ಕಥೆಯಲ್ಲಿ ಮಾಡಿದ್ದಾದರೂ ಏನಮ್ಮಾ?

ಅವಳು ತಡವರಿಸಲಿಲ್ಲ. “ಅವಳಿಗೆ ಸಾವಿರಲಿಲ್ಲ ಫಾದರ್. ತನ್ನವರ ಜೊತೆ ಹಡಗು ಹತ್ತಿ ಹೋಗಬಹುದಿತ್ತು. ಹೋಗಲಿಲ್ಲ. ಅವನ ಜೊತೆ ಬಾಳಿ ಸಾಯೋದನ್ನ ಆರಿಸಿಕೊಂಡಳು.”

ಇದಕ್ಕಿಂತ ಹೆಚ್ಚಿನ ವಿವಾಹೋಪದೇಶವನ್ನು ನಾವು ಏನು ಮಾಡಬೇಕಿತ್ತು? ಸುಖದಲ್ಲೂ ದುಃಖದಲ್ಲೂ, ಆರೋಗ್ಯದಲ್ಲೂ ಅನಾರೋಗ್ಯದಲ್ಲೂ ಜೀವನಪರ್ಯಂತ ಜೊತೆಗಿರುವೆನೆಂದು ಹೇಳುವವರಲ್ಲಿ ಎಷ್ಟು ಮಂದಿಗೆ ಆ ಮಾತಿನಲ್ಲಿ ಅಡಗಿರುವ ಮರಣದ ನೆರಳು ಕಂಡಿರುತ್ತದೆ? ಈಕೆಗೆ ಕಂಡಿತ್ತು. ಕಥೆಯೇ ಅದನ್ನು ತೋರಿಸಿಕೊಟ್ಟಿತ್ತು. ಲತೀನ್ ಧರ್ಮಸಭೆಯ ಪರಂಪರೆಯಂತೆ ವಿವಾಹ ಸಂಸ್ಕಾರವನ್ನು ನೆರವೇರಿಸುವವರು ಗುರುವಲ್ಲ. ವಧೂವರರೇ ಅದನ್ನು ಪರಸ್ಪರ ನೀಡುತ್ತಾರೆ, ಗುರುವು ಧರ್ಮಸಭೆಯ ಪರವಾಗಿ ಸ್ವೀಕರಿಸುವ ಸಾಕ್ಷಿ. ಹಾಗಿದ್ದ ಮೇಲೆ ಮದುಮಗಳ ಉಡುಪು ಬರಿಯ ಅಲಂಕಾರವಲ್ಲ. ಬಲಿಪೂಜೆಗೆ ನಾವು ತೊಡುವ ಪೂಜಾವಸ್ತ್ರದಂತೆ ಅದೂ ಒಂದು ಕಾರ್ಯಕ್ಕಾಗಿ ತೊಟ್ಟದ್ದು. ತಾನು ಯಾವ ಕಾರ್ಯಕ್ಕೆ ಹೊರಟಿದ್ದೇನೆಂದು ಬಲ್ಲವಳು ತೊಟ್ಟದ್ದು ವೇಷವಾಗುವುದಿಲ್ಲ.

ಉಡುಪು ಸಿದ್ಧವಾಯಿತು. ಬನಶಂಕರಿಯ ಕಡೆ ರವಿಕೆ ಹೊಲಿಯುವ ದರ್ಜಿಯೊಬ್ಬರು ಎರಡು ಬಾರಿ ಹಳೆಯ ಬಟ್ಟೆಯಲ್ಲಿ ಹೊಲಿದು ನೋಡಿ, ಮೂರನೆಯ ಬಾರಿಗೆ ಪಿಸ್ತಾ ಬಣ್ಣದ ಕ್ರೇಪ್ ರೇಷ್ಮೆಗೆ ಕತ್ತರಿ ಹಾಕಿದರು. ಕ್ರೇಪ್ ರೇಷ್ಮೆಗೆ ಸ್ವಂತ ಭಾರವಿದೆ. ಒಳಗೆ ಗಡುಸಾದ ನೆಟ್ಟಿನ ಆಸರೆಯಿಲ್ಲದೆ ಅದು ನೀರಿನಂತೆ ಇಳಿಯುತ್ತದೆ, ಸುಕ್ಕೂ ಕಡಮೆ. ಕತ್ತಿನ ಸುತ್ತ ಸಣ್ಣ ಜರಿಯ ಎಲೆಬಳ್ಳಿ, ಕೈಯಲ್ಲಿ ಅಜ್ಜಿ ತೊಡಿಸಿದ ಹಸಿರು ಗಾಜಿನ ಬಳೆ, ತಾಯಿಯ ಆಸೆಯಂತೆ ತಲೆಯ ಮೇಲೆ ಬಿಳಿಯ ಮುಸುಕು. ಸಂಜೆಯ ಸಮಾರಂಭಕ್ಕೆ ವರನ ತಾಯಿ ತಂದ ಕೆಂಪು ಸಾಡೊ. ನಕ್ಕವರು ಇದ್ದರೋ ಇಲ್ಲವೋ ತಿಳಿಯದು. ಪ್ರತಿಜ್ಞೆಯ ಮಾತುಗಳನ್ನು ಅವಳು ಕಾಗದ ನೋಡದೆ, ಕೊನೆಯ ಬೆಂಚಿನವರಿಗೂ ಕೇಳುವಂತೆ ಹೇಳಿದಳು.

ಹಾಗೆಂದು ಕಥೆಯಿಂದ ಬಂದ ಉಡುಪೆಲ್ಲ ಶ್ರೇಷ್ಠವೆಂದು ನಾವು ಸಾರುತ್ತಿಲ್ಲ. ಉಡುಪು ಮುಖವಾಡವೂ ಆಗಬಲ್ಲದು. ಈ ಅಪಾಯವನ್ನು ಬಲ್ಲ ಕಥೆಯೊಂದು ಕನ್ನಡದಲ್ಲಿಯೇ ಇದೆ. ಮೈಸೂರಿನವರಾದ ಎ.ಕೆ. ರಾಮಾನುಜನ್ ಅವರು ಕನ್ನಡದ ಸಿಂಡರೆಲಾ ಎಂದು ಕರೆದು ಇಂಗ್ಲಿಷಿಗೆ ಕೊಟ್ಟ ‘ಹಂಚಿ’ಯ ಕಥೆಯದು, 1982ರಲ್ಲಿ ಆಲನ್ ಡಂಡೆಸ್ ಎಂಬ ಅಮೆರಿಕದ ಜಾನಪದ ವಿದ್ವಾಂಸರು ಸಂಪಾದಿಸಿದ ಗ್ರಂಥದಲ್ಲಿ ಅದು ಜಗತ್ತಿನ ಸಿಂಡರೆಲಾ ಕಥೆಗಳ ನಡುವೆ ಸ್ಥಾನ ಪಡೆಯಿತು. ಹೊನ್ನಿನ ಕೂದಲ ಹುಡುಗಿಯೊಬ್ಬಳನ್ನು ಮನೆಯೊಳಗೇ ಒದಗಿದ ಅಪಾಯದಿಂದ ಪಾರುಮಾಡಲು ತಾಯಿಯು ಅವಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಸಿ ಊರು ಬಿಡಿಸುತ್ತಾಳೆ. ಹಂಚಿನ ಮುಖದವಳಾದ್ದರಿಂದ ಅವಳು ಹಂಚಿ. ಸಾಹುಕಾರನ ಮನೆಯಲ್ಲಿ ಚಾಕರಿಗೆ ನಿಲ್ಲುತ್ತಾಳೆ. ಒಂದು ದಿನ ಯಾರೂ ಇಲ್ಲವೆಂದು ಮುಖವಾಡ ತೆಗೆದಿಟ್ಟು ತಲೆಗೆ ಎರೆದುಕೊಳ್ಳುತ್ತಿರುವಾಗ ಆ ಮನೆಯ ಕಿರಿಯ ಮಗ ಅವಳ ನಿಜರೂಪವನ್ನು ಕಾಣುತ್ತಾನೆ. ಅವಳನ್ನೇ ವರಿಸುತ್ತೇನೆಂದು ಹಟ ಹಿಡಿಯುತ್ತಾನೆ. ಪಡುವಣದ ಸಿಂಡರೆಲಾ ಉಡುಪು ತೊಟ್ಟು ಅರಸುಮಗನ ಕಣ್ಣಿಗೆ ಬಿದ್ದರೆ, ನಮ್ಮವಳು ಮುಖವಾಡ ಕಳಚಿದ್ದರಿಂದ ವರನ ಕಣ್ಣಿಗೆ ಬಿದ್ದಳು. ಆ ಸಿಂಡರೆಲಾಳ ಕಥೆಯಲ್ಲಿಯೂ, 1697ರಲ್ಲಿ ಪೆರೋ ಎಂಬ ಫ್ರೆಂಚ್ ಲೇಖಕ ಬರೆದಂತೆ, ಗಾಜಿನ ಪಾದುಕೆ ಕಾಲಿಗೆ ಹೊಂದುವ ಗಳಿಗೆಯಲ್ಲಿ ಅವಳು ಇದ್ದದ್ದು ಹಳೆಯ ಬಟ್ಟೆಯಲ್ಲಿಯೇ. ಗೌನನ್ನು ಮಾರುವವರು ಕಥೆಯ ಈ ಭಾಗವನ್ನು ಜಾಹೀರಾತಿನಲ್ಲಿ ಹಾಕುವುದಿಲ್ಲ.

ಇಂದಿನ ಮುಖವಾಡಗಳು ಮಣ್ಣಿನವಲ್ಲ. ಮುಂಜಾವ ನಾಲ್ಕಕ್ಕೆ ಎಬ್ಬಿಸಿ ಐದು ಗಂಟೆ ಕಾಲ ಬಳಿದ ಪ್ರಸಾಧನದ ಹಿಂದೆ ನಾವೇ ದೀಕ್ಷಾಸ್ನಾನ ಕೊಟ್ಟ ಹುಡುಗಿಯನ್ನು ಗುರುತಿಸಲು ಕಷ್ಟಪಟ್ಟ ಸಂದರ್ಭಗಳಿವೆ. ವರನಿಗೂ ಅಂತಹ ಕಷ್ಟ ಒದಗಿದಂತೆ ಅವನ ಮುಖಭಾವ ಹೇಳುತ್ತಿತ್ತು. ಛಾಯಾಗ್ರಾಹಕರ ಕಾಟವಂತೂ ಹೇಳತೀರದು. ಗೌನಿನ ಹಿಂಬದಿಯನ್ನು ಬೀಸಣಿಗೆಯಂತೆ ಹರಡಲು ಮೂವರು ಹುಡುಗರು ಬಲಿಪೀಠದ ಮುಂದೆ ತೆವಳುವಾಗ, ಉಂಗುರವನ್ನು ಇನ್ನೊಮ್ಮೆ ತೊಡಿಸಿ, ಬೆಳಕು ಸರಿಬರಲಿಲ್ಲ ಎಂದು ಅವರು ಆಜ್ಞೆ ಮಾಡುವಾಗ, ಆ ಉಡುಪು ಯಾರಿಗಾಗಿ ತೊಟ್ಟದ್ದೆಂಬ ಸಂಶಯ ಬರುತ್ತದೆ. ಸಂಸ್ಕಾರ ಒಮ್ಮೆ ಮಾತ್ರ ನಡೆಯುತ್ತದೆ. ಬೆಳಕಿಗಾಗಿ ಅದು ಕಾಯುವುದಿಲ್ಲ.

ಸಾಲದ ಮಾತು ಬೇರೆಯೇ ಇದೆ. ಒಂದು ದಿನ ತೊಟ್ಟು ಪೆಟ್ಟಿಗೆಗೆ ಸೇರುವ ಉಡುಪಿಗೆ ತಂದೆಯ ಭವಿಷ್ಯನಿಧಿಯನ್ನು ಮುರಿಯುವುದನ್ನು ಯಾವ ಕಿನ್ನರಿಯೂ ಒಪ್ಪಳು. ನಮ್ಮ ಧರ್ಮಕೇಂದ್ರದಲ್ಲಿ ಒಬ್ಬ ತಾಯಿ ಕಿವಿಯ ಓಲೆಯನ್ನು ಅಡವಿಟ್ಟು ಮಗಳ ಗೌನಿನ ಬಾಕಿ ತೀರಿಸಿದ್ದು ಮದುವೆಯ ಬಳಿಕ ನಮಗೆ ತಿಳಿಯಿತು. ಮಗಳಿಗೆ ಇಂದಿಗೂ ತಿಳಿಯದು. ಕ್ಷೇಮೇಂದ್ರನೆಂಬ ಕಾಶ್ಮೀರದ ಅಲಂಕಾರಶಾಸ್ತ್ರಜ್ಞ ಹನ್ನೊಂದನೆಯ ಶತಮಾನದಲ್ಲಿಯೇ ಔಚಿತ್ಯವನ್ನು ಕಾವ್ಯದ ಜೀವವೆಂದ. ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡರೆ ಅದೆಷ್ಟು ಬೆಲೆಯದಾದರೂ ನಗೆಪಾ­ಟಲೇ ಎಂಬುದು ಅವನ ವಿಚಾರದ ಧಾಟಿ. ಮನೆಯ ಶಕ್ತಿಗೆ ಮೀರಿದ ಗೌನು ಕೊರಳಿಗೆ ಬಿದ್ದ ಡಾಬು. ಬಾಡಿಗೆಗೆ ತರುವುದರಲ್ಲಿ, ಅಕ್ಕನ ಗೌನನ್ನು ತಿದ್ದಿ ತೊಡುವುದರಲ್ಲಿ ಯಾವ ಕೊರತೆಯೂ ಇಲ್ಲ. ವಿಕ್ಟೋರಿಯಾ ರಾಣಿಯೇ ತನ್ನ ಮದುವೆಯ ಲೇಸನ್ನು ಮುಂದಿನ ಐವತ್ತು ವರ್ಷಗಳಲ್ಲಿ ಮತ್ತೆಮತ್ತೆ ತೊಟ್ಟಳು. ನಮ್ಮ ಮನೆಗಳಲ್ಲೂ ತಾಯಿಯ ಮದುವೆಯ ಗೌನು ಮಗುವಿನ ದೀಕ್ಷಾಸ್ನಾನದ ಅಂಗಿಯಾಗಿ ಮರುಹುಟ್ಟು ಪಡೆದದ್ದನ್ನು ನಾವು ಬಲ್ಲೆವು.

ಇನ್ನು ಈ ಹಂಗಾಮಿನಲ್ಲಿ ಮದುಮಗಳಾಗಲಿರುವವರಿಗೆ ಕೆಲವು ಲೌಕಿಕ ಸಂಗತಿಗಳು. ಕಥೆಯ ಕಿನ್ನರಿಯರು ಮೊಣಕಾಲೂರುವುದಿಲ್ಲ, ನೀವು ಊರಬೇಕು. ಒಳಗೆ ಬಳೆಯಿರುವ ಘೇರುದಾರ ಗೌನು ಮೊಣಕಾಲೂರಿದೊಡನೆ ಮುಂದೆ ಎದ್ದು ನಿಲ್ಲುತ್ತದೆ, ಕುಳಿತರೆ ಪಕ್ಕದ ವರನನ್ನು ಮುಚ್ಚುತ್ತದೆ. ಅಂಗಡಿಯ ಕನ್ನಡಿಯ ಮುಂದೆ ನಿಂತು ಮಾತ್ರವಲ್ಲ, ಕುಳಿತು, ಬಾಗಿ, ಎರಡು ಮೆಟ್ಟಿಲು ಹತ್ತಿ ನೋಡಿರಿ. ನೀಳವಾಗಿ ಜೋಲುವ ತೋಳುಗಳು ಮೇಣದ ಬತ್ತಿ ಹಚ್ಚುವಾಗ ಅಪಾಯಕರ. ನೈಲಾನ್ ನೆಟ್ಟಿಗೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಮೇಲೆ ಹೇಳಿದ ಹಸಿರು ಉಡುಪಿನ ತೋಳನ್ನೂ ದರ್ಜಿಯವರು ಈ ಕಾರಣಕ್ಕೆ ಮುಂಗೈವರೆಗೆ ಮೊಟಕು ಮಾಡಿದರು. ತಾಳಿ ಕಟ್ಟುವ ಪದ್ಧತಿಯ ಮನೆಯವರು ಎತ್ತರದ ಕಾಲರು ಬೇಡವೆಂದು ಮೊದಲೇ ಹೇಳಿಬಿಡುವುದು ಲೇಸು. ಗಂಟಿಗೆ ಜಾಗ ಸಿಗದೆ ವರ ಬೆವರುವುದನ್ನು ನಾವು ನೋಡಿದ್ದೇವೆ. ಮುಸುಕು ಮುಖದ ಮೇಲಿದ್ದರೆ ಪ್ರತಿಜ್ಞೆಗೆ ಮುಂಚೆ ಅದನ್ನು ಎತ್ತುವವರು ಯಾರೆಂದು ನಿಶ್ಚಯಿಸಿಕೊಳ್ಳಿರಿ. ಮಾತು ಕೊಡುವವರ ಮುಖ ಕಾಣಬೇಕು.

ಹಿಂಬದಿಯ ಸೆರಗು ಎಷ್ಟುದ್ದವಿರಬಹುದೆಂದು ಅನೇಕರು ಕೇಳುತ್ತಾರೆ. ಅದಕ್ಕೆ ಉತ್ತರ ನಡುವಣ ದಾರಿಯ ಅಗಲ ಮತ್ತು ಬಲಿಪೀಠದ ಮೆಟ್ಟಿಲುಗಳ ನಡುವಿನ ಅಂತರದಲ್ಲಿದೆ. ಬಟ್ಟೆಗೆ ಕತ್ತರಿ ಬೀಳುವ ಮೊದಲು ಒಂದು ಶನಿವಾರ ಮಧ್ಯಾಹ್ನ, ಜಪಸರ ಪ್ರಾರ್ಥನೆಗೆ ಜನ ಸೇರುವ ಮುಂಚೆ, ಅಳತೆಯ ಟೇಪು ಹಿಡಿದುಕೊಂಡು ನಿಮ್ಮ ನಿಮ್ಮ ದೇವಾಲಯಗಳಿಗೆ ಹೋಗಿ ನೋಡಿರಿ. ಸಾಧ್ಯವಾದರೆ ದರ್ಜಿಯವರನ್ನೂ ಕರೆದೊಯ್ಯಿರಿ.